ಮರ ಕಡಿದಿಲ್ಲ, ಬೇರು ಕಿತ್ತಿದ್ದಾರೆ: ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಅರಸೀಕೆರೆ ಕಡೆಯ ನಮ್ಮೂರಿಗೆ ಕುಡಿಯುವ ನೀರಿನ ಪೈಪ್ ಬಂತು. ಬರಲೇಬೇಕಿತ್ತು, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಪೈಪ್ ಹೂತ ಜಾಗದ್ದು. ರಸ್ತೆಗೂ ಹೊಲದ ಬೇಲಿಗೂ ನಡುವೆ ಬೇಕಾದಷ್ಟು ಜಾಗ ಇತ್ತು. ಆದರೂ ಜೆಸಿಬಿ ಸಾಲುಮರಗಳ ಬುಡ ಸವರಿಕೊಂಡೇ ಹೋಯಿತು. ಒಂದು ಹುಣಸೆ ಮರದ ಪಕ್ಕ ಗುಂಡಿಗೆ ಇಳಿದು ನೋಡಿದೆ. ತೋಳುಗಾತ್ರದ ಬೇರುಗಳು. ಕತ್ತರಿಸಿದ್ದಲ್ಲ, ಎಳೆದು ಸೀಳಿದ್ದು. ಸಿಪ್ಪೆ ಸುಲಿದು ಬಿಳಿ ನಾರು ಜೋತಾಡುತ್ತಿತ್ತು. ಕೇಳಿದರೆ ಕೆಲಸದವರು ಹೇಳಿದ್ದು ಒಂದೇ ಮಾತು: "ಒಂದ್ ಮರಾನೂ ಕಡ್ದಿಲ್ಲ ಸಾರ್."

ಲೆಕ್ಕಕ್ಕೆ ಅದು ಸರಿಯೇ.

ಆದರೆ ಬರಗಾಲದಲ್ಲಿ ಆ ಬೇರುಗಳು ಮಾಡುವ ಕೆಲಸ ನೋಡಿ. ಹಗಲೆಲ್ಲ ಎಲೆಗಳು ನೀರು ಎಳೆಯುತ್ತವೆ. ರಾತ್ರಿ ಎಲೆಯ ರಂಧ್ರ ಮುಚ್ಚುತ್ತದೆ, ಎಳೆತ ನಿಲ್ಲುತ್ತದೆ. ಆಗ ಆಳದ ತೇವದಲ್ಲಿರುವ ತಾಯಿಬೇರಿನಿಂದ ನೀರು ಮೇಲೆ ಹತ್ತಿ, ಮೇಲ್ಮಣ್ಣಿನ ಬೇರುಗಳಿಗೆ ಹರಿದು, ಅಲ್ಲಿಂದ ಒಣಮಣ್ಣಿಗೆ ಜಿನುಗುತ್ತದೆ. ಮಾರನೇ ದಿನ ಅದನ್ನು ಮರವೂ ಕುಡಿಯುತ್ತದೆ, ಸುತ್ತಲಿನ ಹುಲ್ಲು, ಸಸಿಗಳೂ ಕುಡಿಯುತ್ತವೆ. ಇದರಲ್ಲಿ ಮರದ ದೊಡ್ಡ ಮನಸ್ಸೇನೂ ಇಲ್ಲ. ಒಣಮಣ್ಣು ಎಳೆಯುತ್ತದೆ, ಬೇರು ಸೋರುತ್ತದೆ, ಅಷ್ಟೇ. 1993ರಲ್ಲಿ ಟಾಡ್ ಡಾಸನ್ ಎಂಬ ವಿಜ್ಞಾನಿ ಅಮೆರಿಕದ ಮೇಪಲ್ ಮರಗಳಲ್ಲಿ ಇದನ್ನು ತೋರಿಸಿಕೊಟ್ಟರು. ಅಕ್ಕಪಕ್ಕದ ಕೆಲವು ಗಿಡಗಳು ಕುಡಿದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಪಲ್ ಮೇಲೆತ್ತಿದ್ದೇ ಆಗಿತ್ತು.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ಇನ್ನೊಂದು. ಸಕಲೇಶಪುರದ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ, ಅದರ ಬೇರೂ ಹೀಗೇ ನೀರೆತ್ತುತ್ತದೆ ಎಂದು 1998ರಲ್ಲೇ ಅಳೆದು ತೋರಿಸಿದ್ದಾರೆ. ಮಳೆ ಬಿದ್ದ ಮೇಲೆ ಹರಿವು ತಿರುಗುತ್ತದೆ. ಅವೇ ಬೇರುಗಳು ಮೇಲಿನ ನೀರನ್ನು ಒಣಗಿದ ಆಳಕ್ಕೆ ಇಳಿಸುತ್ತವೆ. ನಾವು ಬಿಲ್ ಬರೆದು ಮಾಡಿಸುವ ಇಂಗುಗುಂಡಿಯ ಕೆಲಸ, ಬಿಲ್ ಇಲ್ಲದೆ. ಎಲ್ಲ ಮರ, ಎಲ್ಲ ಮಣ್ಣಿನಲ್ಲೂ ಇದು ಒಂದೇ ಸಮ ನಡೆಯುವುದಿಲ್ಲ, ಇದರಿಂದ ಬತ್ತಿದ ಬೋರ್‌ವೆಲ್ ತುಂಬುವುದೂ ಇಲ್ಲ. ಆದರೆ ಬೇಸಿಗೆಯಲ್ಲಿ ಒಂದು ಸಸಿ ಉಳಿಯಲು ಎಷ್ಟು ನೀರು ಬೇಕು ಹೇಳಿ?

ಜೆಸಿಬಿ ಕೀಳುವುದು ಸರಿಯಾಗಿ ಈ ಮೇಲಿನ ಬೇರುಗಳನ್ನೇ. ಮರ ಅದೇ ವರ್ಷ ಸಾಯುವುದಿಲ್ಲ. ಒಂದೆರಡು ಬೇಸಿಗೆ ಕಳೆದು ತುದಿಯಿಂದ ಒಣಗುತ್ತಾ ಬರುತ್ತದೆ. ಅಷ್ಟೊತ್ತಿಗೆ ಬಿಲ್ ಪಾಸಾಗಿರುತ್ತದೆ, ಮರ "ತಾನಾಗಿ ಒಣಗಿದ್ದು" ಎಂದು ಹರಾಜಿಗೆ ಬರುತ್ತದೆ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಿಸಿದ ರಾಜ್ಯ ನಮ್ಮದು. ಅಂಥ ಬರ ಇನ್ನೊಮ್ಮೆ ಬಂದರೆ ಬೇರು ಹರಿದ ಈ ಮರಗಳು ತಡೆಯುತ್ತವಾ?

ಹೊಸ ಕಾನೂನೇನೂ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದು ಮಾತ್ರ ಅಲ್ಲ, ಬೇರೆ ಯಾವುದೇ ರೀತಿ ಮರಕ್ಕೆ ಹಾನಿ ಮಾಡುವುದೂ ಅದರಲ್ಲೇ ಸೇರುತ್ತದೆ. ಬೇರು ಸೀಳುವುದು ಹಾನಿಯಲ್ಲದೆ ಇನ್ನೇನು?

ಹಾಗಾಗಿ ಪೈಪ್, ಕೇಬಲ್, ಚರಂಡಿ ಯಾವ ಕೆಲಸವೇ ಇರಲಿ, ಗುಂಡಿ ಮರದ ನೆರಳಿನಿಂದ ಆಚೆ ಹೋಗಬೇಕು ಎಂದು ಟೆಂಡರಿನಲ್ಲೇ ಬರೆಸಿ. ಜಾಗವೇ ಇಲ್ಲದ ಕಡೆ ಮಣ್ಣಿನಡಿಯಲ್ಲಿ ಅಡ್ಡಕ್ಕೆ ಕೊರೆಯಲಿ. ಕೇಬಲ್‌ನವರು ರಸ್ತೆಯ ಕೆಳಗೆ ಹಾಗೆ ಕೊರೆಯುವುದನ್ನು ನಾವು ನೋಡಿಲ್ವಾ? ಮತ್ತೆ, ಗುಂಡಿ ಮುಚ್ಚುವ ಮೊದಲು ಅರಣ್ಯ ಇಲಾಖೆಯವರು ಒಮ್ಮೆ ಇಳಿದು ನೋಡಲಿ. ಮುಚ್ಚಿದ ಮೇಲೆ ಬಂದು ಮರ ಎಣಿಸಿದರೆ ಏನೂ ಕಾಣುವುದಿಲ್ಲ.

ಇಂತಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರ