ರೇಕ್ಯಾವಿಕ್‌ಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಐಸ್‌ಲ್ಯಾಂಡ್‌ನ ರಾಜಧಾನಿ ರೇಕ್ಯಾವಿಕ್‌ಗೆ ಹೋಗುವವರು ಇದನ್ನೊಮ್ಮೆ ಓದಿಬಿಡಿ.

ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ಊರು ಸುಮಾರು 50 ಕಿ.ಮೀ. ಟ್ಯಾಕ್ಸಿ ಬಲು ದುಬಾರಿ, ಬಸ್ಸೇ ಸಾಕು, ಮುಕ್ಕಾಲು ಗಂಟೆಯ ದಾರಿ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ಟಿಪ್ಸ್ ಕೊಡುವ ರೂಢಿಯಿಲ್ಲ.

ಬಾಟಲಿ ನೀರು ಕೊಳ್ಳಬೇಡಿ. ನಲ್ಲಿಯ ತಣ್ಣೀರು ಚೆನ್ನಾಗಿದೆ. ಬಿಸಿನೀರು ಬಿಟ್ಟ ಮೇಲೆ ತುಸು ಹೊತ್ತು ತಣ್ಣೀರು ಹರಿಯಬಿಟ್ಟು ಹಿಡಿಯಿರಿ, ಇಲ್ಲದಿದ್ದರೆ ಗಂಧಕದ ವಾಸನೆ ಬರುತ್ತದೆ. ಸ್ನಾನಕ್ಕೆ ಮುಂಚೆ ಬೆಳ್ಳಿ ಉಂಗುರ, ಸರ ತೆಗೆದಿಡಿ, ಕಪ್ಪಾಗುತ್ತವೆ.

ಬಂದರಿನ ಬಳಿ 1937ರಿಂದಿರುವ ಹಾಟ್‌ಡಾಗ್ ಗಾಡಿಯೇ ಅಗ್ಗದ ಊಟ. ಹಸಿ ಈರುಳ್ಳಿ, ಹುರಿದ ಗರಿಗರಿ ಈರುಳ್ಳಿ, ಕೆಚಪ್, ಸಿಹಿ ಸಾಸಿವೆ, ರೆಮೊಲಾಡ್ (ಮಯೊನೇಸ್‌ನಂಥ ಸಾಸ್) ಎಲ್ಲ ಹಾಕಿಸಿಕೊಳ್ಳಿ. ಆದರೆ ಸಾಸೇಜ್‌ನಲ್ಲಿ ಕುರಿಯ ಜೊತೆ ದನ, ಹಂದಿ ಮಾಂಸವೂ ಇರುತ್ತದೆ. ಸಸ್ಯಾಹಾರಿಗಳು ಬೋನುಸ್ ಅಂಗಡಿಯಲ್ಲಿ ಬ್ರೆಡ್, ಹಣ್ಣು, ಮೊಸರಿನಂಥ ಸ್ಕೀರ್ ಕೊಳ್ಳಬಹುದು. ಕೆಲವು ಸ್ಕೀರ್‌ಗೆ ರೆನೆಟ್ (ಹಾಲು ಹೆಪ್ಪುಗಟ್ಟಿಸುವ, ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರಬಹುದಾದ ವಸ್ತು) ಹಾಕಿರುತ್ತಾರೆ, ಡಬ್ಬಿಯ ಮೇಲೆ ನೋಡಿ. ಅವಲಕ್ಕಿ, ಚಟ್ನಿಪುಡಿ ಒಯ್ದರೆ ಇನ್ನೂ ನಿಶ್ಚಿಂತೆ.

ಹಾಲ್‌ಗ್ರಿಮ್ಸ್ ಚರ್ಚಿನ ಗೋಪುರಕ್ಕೆ ಲಿಫ್ಟ್ ಇದೆ. ಪ್ರಾರ್ಥನೆಯ ಹೊತ್ತಿಗೆ ಮುಚ್ಚಿರುತ್ತದೆ, ಆದ್ದರಿಂದ ಭಾನುವಾರ ಬೆಳಗ್ಗೆ ಹೋಗಬೇಡಿ.

ಸಾರ್ವಜನಿಕ ಬಿಸಿನೀರ ಕೊಳ ಪ್ರವಾಸಿಗರ ಹೆಸರುವಾಸಿ ಬಿಸಿನೀರ ತಾಣ ಬ್ಲೂ ಲಗೂನ್‌ಗಿಂತ ತುಂಬಾ ಅಗ್ಗ, ನಮ್ಮ ಮಟ್ಟಿಗೆ ಅದೇ ವಾಸಿ. ಇಳಿಯುವ ಮುನ್ನ ಈಜುಡುಗೆ ಕಳಚಿ ಸೋಪು ಹಚ್ಚಿ ಮೈ ತೊಳೆಯಲೇಬೇಕು. ನೀರಿಗೆ ಕ್ಲೋರಿನ್ ಕಡಿಮೆ ಹಾಕುವುದರಿಂದ ಈ ಕಟ್ಟುನಿಟ್ಟು, ನಾಚಿಕೆಗೆ ರಿಯಾಯಿತಿ ಇಲ್ಲ!

ಬಾಡಿಗೆ ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದೇ ತೆರೆಯಿರಿ. ಗಾಳಿಗೆ ಕೀಲು ಮುರಿದರೆ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ. ಕೊಡೆ ಬೇಡ, ಟೋಪಿಯಿರುವ ರೇನ್‌ಕೋಟ್ ಇಟ್ಟುಕೊಳ್ಳಿ.