ಪಿ.ಜಿ. ಕೋಣೆಗಳಿಗೆ ಮಂಚದ ಜೊತೆ ಮೇಜೂ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪಿ.ಜಿ.ಗಳಲ್ಲೂ (ಪೇಯಿಂಗ್ ಗೆಸ್ಟ್ ವಸತಿಗಳು) ಒಂಟಿ ಕೋಣೆಯ ಬಾಡಿಗೆ ಮನೆಗಳಲ್ಲೂ ಇದ್ದುಕೊಂಡು ದಿನಕ್ಕೆ ಎಂಟು–ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ದುಡಿಯುವ, ಓದುವ ಯುವಜನರ ತೊಂದರೆಯೊಂದನ್ನು ತಮ್ಮ ಪತ್ರಿಕೆಯ ಮೂಲಕ ನಗರಾಡಳಿತದ ಮತ್ತು ಕಂಪನಿಗಳ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ದುರಸ್ತಿ ಮಾಡಿ ಜೀವನ ನಡೆಸುವವನು. ಮಾರ್ಚ್ ಕಾಲಿಟ್ಟ ಮೇಲೆ ಅಂಗಡಿಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕೈಯಿಟ್ಟರೆ ಸುಡುತ್ತದೆ, ಫ್ಯಾನು ಸದಾ ಕೂಗುತ್ತದೆ, ಮೀಟಿಂಗ್ ನಡುವೆ ಎಲ್ಲವೂ ನಿಧಾನವಾಗಿಬಿಡುತ್ತದೆ. ವೈರಸ್ ಸೇರಿರಬೇಕೆಂದೋ ರ‍್ಯಾಮ್ ಸಾಲದೆಂದೋ ತಂದವರು ಭಾವಿಸಿರುತ್ತಾರೆ. ಅಡಿಯ ಮುಚ್ಚಳ ಬಿಚ್ಚಿದರೆ ಸಿಗುವುದು ಹಾಸಿಗೆಯ ಹತ್ತಿ, ಹೊದಿಕೆಯ ನೂಲಿನೆಳೆ, ಕೂದಲು, ರಸ್ತೆಯ ಧೂಳು ಎಲ್ಲ ಸೇರಿ ಕಟ್ಟಿದ ದಪ್ಪ ಪದರ. ಎಲ್ಲಿಟ್ಟುಕೊಂಡು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ‘ಮಂಚದ ಮೇಲೆ ಸರ್, ರೂಮಲ್ಲಿ ಟೇಬಲ್ ಇಲ್ಲ’ ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ.

ಲ್ಯಾಪ್‌ಟಾಪ್ ಎಳೆದುಕೊಳ್ಳುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಪ್ರೊಸೆಸರಿನ ಮೇಲೆ ಕುಳಿತಿರುವ ತಾಮ್ರದ ಕೊಳವೆಗಳು ಆ ಶಾಖವನ್ನು ಅಂಚಿನಲ್ಲಿರುವ ತೆಳುವಾದ ಲೋಹದ ರೆಕ್ಕೆಗಳಿಗೆ ಒಯ್ಯುತ್ತವೆ. ಫ್ಯಾನು ಅಡಿಭಾಗದ ಕಿಂಡಿಗಳಿಂದ ಗಾಳಿಯನ್ನು ಎಳೆದು, ಆ ರೆಕ್ಕೆಗಳ ನಡುವೆ ಹಾಯಿಸಿ, ಹಿಂಬದಿಯಿಂದ ಅಥವಾ ಪಕ್ಕದಿಂದ ಹೊರಗೆ ತಳ್ಳುತ್ತದೆ. ಗಾಳಿ ಒಳಬರಲೆಂದೇ ಯಂತ್ರದ ಕೆಳಗೆ ರಬ್ಬರಿನ ಪುಟ್ಟ ಕಾಲುಗಳಿರುತ್ತವೆ. ಮೇಜಿನ ಮೇಲಿಟ್ಟಾಗ ಉಳಿಯುವ ಕೆಲವೇ ಮಿಲಿಮೀಟರ್ ಸಂದು ಅದಕ್ಕೆ ಸಾಕು. ಹಾಸಿಗೆಯ ಮೇಲಿಟ್ಟರೆ ಆ ಕಾಲುಗಳು ಹುದುಗಿಹೋಗಿ ಸಂದೇ ಇಲ್ಲವಾಗುತ್ತದೆ. ಹೀಗೆ ಉಸಿರುಕಟ್ಟಿದ ಯಂತ್ರದ ಪ್ರೊಸೆಸರು 95–100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ‘ಹ್ಯಾಂಗ್ ಆಗುತ್ತಿದೆ’ ಎಂದು ಗ್ರಾಹಕರು ಹೇಳುವುದರಲ್ಲಿ ದೊಡ್ಡ ಪಾಲು ಇದೇ ಆಗಿರುತ್ತದೆ. ಬೇರೆಲ್ಲೋ ಹೊಸ ರ‍್ಯಾಮ್ ಹಾಕಿಸಿಕೊಂಡು, ಮೊದಲ ಸಂಬಳದ ಹಣ ಕಳೆದುಕೊಂಡು, ಮತ್ತೆ ಅದೇ ದೂರಿನೊಂದಿಗೆ ಬರುವ ಹುಡುಗರನ್ನು ನೋಡಿದಾಗ ಸಂಕಟವಾಗುತ್ತದೆ.

ಬೆಂಗಳೂರು ತಂಪು ಊರು, ಇಲ್ಲಿ ಇದಕ್ಕೆಲ್ಲ ಚಿಂತೆ ಬೇಡ ಎಂಬ ಹಳೆಯ ನಂಬಿಕೆಯನ್ನು ಈಗ ಬಿಡಬೇಕಾಗಿದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿಗೆ ಏರಿತ್ತು. ಬಳಸುವ ಜಾಗದ ಉಷ್ಣಾಂಶ 35 ಡಿಗ್ರಿ ಮೀರಬಾರದೆಂದು ಹಲವು ತಯಾರಕರು ಕೈಪಿಡಿಯಲ್ಲೇ ತಿಳಿಸಿರುತ್ತಾರೆ. ಬಿ.ಟಿ.ಎಂ. ಬಡಾವಣೆ, ಮಾರತ್ತಹಳ್ಳಿಯಂಥ ಕಡೆ ಒತ್ತೊತ್ತಾಗಿ ಎದ್ದಿರುವ ಕಟ್ಟಡಗಳ ಕೊನೆಯ ಮಹಡಿಯಲ್ಲಿ, ತಾರಸಿಯ ಮೇಲೆ ಶೀಟು ಹೊದಿಸಿ ಮಾಡಿದ ಕೋಣೆಗಳಲ್ಲಿ, ಬೇಸಿಗೆಯ ಮಧ್ಯಾಹ್ನ ಆ ಮಿತಿ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಕೋಣೆ ಐದು ಡಿಗ್ರಿ ಹೆಚ್ಚು ಕಾದರೆ ಯಂತ್ರದ ಒಳಗೂ ಸುಮಾರು ಅಷ್ಟೇ ಹೆಚ್ಚುತ್ತದೆ. ಅನೇಕರಿಗೆ ತಿಳಿಯದ ಇನ್ನೊಂದು ಸಂಗತಿಯೂ ಉಂಟು. ಊರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ 10ರಷ್ಟು ತೆಳು. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಅಷ್ಟರ ಮಟ್ಟಿಗೆ ಕಡಿಮೆ ಶಾಖವನ್ನು ಹೊತ್ತೊಯ್ಯುತ್ತದೆ. ಚೊಕ್ಕಟವಾಗಿರುವ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಧೂಳು ಕಟ್ಟಿದ ಯಂತ್ರಕ್ಕೆ ಅದೂ ಒಂದು ಹೊರೆ. ಧೂಳಿನ ಮಾತು ಬಂದರೆ, ಮೆಟ್ರೊ ಕಾಮಗಾರಿ ಕಂಡ ಹೊರವರ್ತುಲ ರಸ್ತೆಯ ಬದಿಯ ಕೋಣೆಗಳಿಂದ ಬರುವ ಯಂತ್ರಗಳ ಒಳಭಾಗವನ್ನು ಒಮ್ಮೆ ನೋಡಿದವರಿಗೆ ಬೇರೆ ವಿವರಣೆ ಬೇಕಾಗದು.

ಈ ತೊಂದರೆಗೆ ಪರಿಹಾರ ದುಬಾರಿಯಲ್ಲ ಎಂಬುದನ್ನು ಓದುಗರಿಗೆ ಒತ್ತಿ ಹೇಳಬಯಸುತ್ತೇನೆ. ಸದ್ಯಕ್ಕೆ ಮೇಜು ಇಲ್ಲದವರು ಅಗಲವಾದ ಮರದ ಮಣೆಯನ್ನೋ ಹಲಗೆಯನ್ನೋ ಹಾಸಿಗೆಯ ಮೇಲಿಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರೂ ಗಾಳಿಯ ದಾರಿ ತೆರೆದುಕೊಳ್ಳುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ, ಹಿಂಬದಿಯನ್ನು ಎತ್ತರಿಸುವ ಮಡಚುವ ಸ್ಟ್ಯಾಂಡು ಇನ್ನೂ ಒಳ್ಳೆಯದು. ಫ್ಯಾನುಗಳಿರುವ ಕೂಲಿಂಗ್ ಪ್ಯಾಡ್ ಕೇಳಿಕೊಂಡು ಬರುವವರಿಗೆ, ಮೊದಲು ಯಂತ್ರವನ್ನು ಸ್ವಚ್ಛ ಮಾಡಿಸಿ, ಆಮೇಲೂ ಬೇಕೆನಿಸಿದರೆ ಕೊಳ್ಳಿ ಎಂದು ನಾನು ಹೇಳುತ್ತೇನೆ. ಒಳಗಿನ ರೆಕ್ಕೆಗಳೇ ಕಟ್ಟಿಕೊಂಡಿರುವಾಗ ಹೊರಗಿನಿಂದ ಎಷ್ಟು ಬೀಸಿದರೂ ಫಲ ಅಲ್ಪ. ಪ್ಯಾಡಿನ ಫ್ಯಾನು ಯಂತ್ರದ ಕಿಂಡಿಯ ನೇರಕ್ಕೆ ಬಾರದಿದ್ದರಂತೂ ಸದ್ದು ಮಾತ್ರ ಉಳಿಯುತ್ತದೆ. ವರ್ಷಕ್ಕೊಮ್ಮೆ, ರಸ್ತೆ ಬದಿಯಲ್ಲಿರುವವರು ಆರು ತಿಂಗಳಿಗೊಮ್ಮೆ, ಒಳಗಿನ ಧೂಳು ತೆಗೆಸುವುದು ಒಳ್ಳೆಯದು. ತಾವೇ ಬ್ಲೋವರ್ ಹಿಡಿಯುವವರು ಯಂತ್ರವನ್ನು ಪೂರ್ತಿ ಆಫ್ ಮಾಡಿ, ಫ್ಯಾನಿನ ಎಲೆಗಳು ತಿರುಗದಂತೆ ಒಂದು ಕಡ್ಡಿಯಿಂದ ತಡೆಹಿಡಿಯಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಅದರ ಬೇರಿಂಗ್ ಹಾಳಾಗಬಹುದು. ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ನಡುವೆ ಶಾಖ ದಾಟಿಸಲೆಂದು ಹಚ್ಚಿರುವ ಥರ್ಮಲ್ ಪೇಸ್ಟ್ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಧೂಳು ತೆಗೆದ ಮೇಲೂ ಕಾವು ಇಳಿಯದಿದ್ದರೆ ಅದನ್ನು ಬದಲಿಸಬೇಕು.

ಹಣವಿಲ್ಲದೆ ಆಗುವ ಕೆಲಸಗಳೂ ಇವೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ‘ಟರ್ಬೊ’, ಅಂದರೆ ಪ್ರೊಸೆಸರು ಆಗಾಗ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ, ನಿಲ್ಲುತ್ತದೆ. ಪತ್ರ, ಲೆಕ್ಕ, ಬ್ರೌಸರ್ ಕೆಲಸಗಳಿಗೆ ಅದರಿಂದ ಹೆಚ್ಚು ನಷ್ಟವಿಲ್ಲ, ಕಾವು ಮಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ. ವಿಡಿಯೊ ಮೀಟಿಂಗ್‌ನಲ್ಲಿ ಹಿನ್ನೆಲೆಯನ್ನು ಮಸುಕುಗೊಳಿಸುವ ಸೌಲಭ್ಯ ಪ್ರೊಸೆಸರಿಗೆ ಸತತ ಕೆಲಸ ಕೊಡುತ್ತದೆ. ಹಿಂದೆ ಬಿಳಿ ಗೋಡೆಯಿದ್ದರೆ ಅದನ್ನು ನಿಲ್ಲಿಸಬಹುದು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ ಕೂಡಲೇ ಬ್ಯಾಗಿಗೆ ತುರುಕಿ ಮೆಟ್ರೊ ಹತ್ತುವವರು ಅದು ನಿಜಕ್ಕೂ ನಿದ್ರೆಗೆ ಹೋಗಿದೆಯೇ ಎಂದು ನೋಡಬೇಕು, ಏಕೆಂದರೆ ಕೆಲವು ಹೊಸ ಯಂತ್ರಗಳು ಬ್ಯಾಗಿನೊಳಗೇ ಎಚ್ಚರಗೊಂಡು ಕುದಿಯುತ್ತವೆ. ಬಿಸಿ ತಾಳಲಾರದೆ ಅಡಿಯಲ್ಲಿ ಒದ್ದೆ ಬಟ್ಟೆ ಇಡುವುದನ್ನೂ ಐಸ್ ಪ್ಯಾಕ್ ಒತ್ತುವುದನ್ನೂ ದಯವಿಟ್ಟು ಯಾರೂ ಮಾಡಬಾರದು. ತೇವ ಬೋರ್ಡಿಗೆ ಇಳಿದರೆ ದುರಸ್ತಿಯ ಖರ್ಚು ಹೊಸ ಯಂತ್ರದ ಬೆಲೆಯ ಹತ್ತಿರ ಹೋಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಆತಂಕಕ್ಕೆ ದೂಡುವುದು ಬ್ಯಾಟರಿ. ಲೀಥಿಯಂ ಅಯಾನ್ ಬ್ಯಾಟರಿಗೆ ಎರಡು ಸ್ಥಿತಿಗಳು ಕೂಡಿಬಂದರೆ ಆಯಸ್ಸು ಬೇಗ ಕರಗುತ್ತದೆ: ಹೆಚ್ಚಿನ ಶಾಖ ಮತ್ತು ಸದಾ ಪೂರ್ತಿ ತುಂಬಿರುವ ಚಾರ್ಜು. ಯಾವ ಕ್ಷಣದಲ್ಲಿ ಕರೆಂಟು ಹೋಗುತ್ತದೋ ಎಂಬ ಅಂಜಿಕೆಯಿಂದ ಹಗಲಿರುಳು ಚಾರ್ಜರ್ ಸಿಕ್ಕಿಸಿ, ಹಾಸಿಗೆಯ ಮೇಲೇ ಯಂತ್ರವನ್ನು ಓಡಿಸುವವರು ಎರಡನ್ನೂ ಒಟ್ಟಿಗೆ ಮಾಡುತ್ತಿರುತ್ತಾರೆ. ಹಲವು ಕಂಪನಿಗಳ ಯಂತ್ರಗಳಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆ. ಮನೆಯಲ್ಲೇ ಕೂತು ಕೆಲಸ ಮಾಡುವವರು ಅದನ್ನು ಇಂದೇ ಆನ್ ಮಾಡಿಕೊಳ್ಳಲಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅದನ್ನು ಒತ್ತಿದಾಗ ಕ್ಲಿಕ್ ಆಗದಿದ್ದರೆ, ಅಡಿ ಮುಚ್ಚಳ ಉಬ್ಬಿ ಯಂತ್ರ ಮೇಜಿನ ಮೇಲೆ ಅಲುಗಾಡುತ್ತಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಬೇಕು. ಆಗ ಚಾರ್ಜರ್ ತೆಗೆದು ಯಂತ್ರವನ್ನು ಆಫ್ ಮಾಡಬೇಕು. ಉಬ್ಬನ್ನು ಒತ್ತಿ ಕೂರಿಸಲು, ಚುಚ್ಚಿ ಗಾಳಿ ತೆಗೆಯಲು ಎಂದಿಗೂ ಹೋಗಬಾರದು. ತೂತಾದ ಲೀಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಅದು ಹೊತ್ತಿಕೊಳ್ಳುವ ಜಾಗ ಮೂರು–ನಾಲ್ಕು ಜನ ಮಲಗುವ, ಒಂದೇ ಬಾಗಿಲಿನ ಕೋಣೆಯೂ ಆಗಿರಬಹುದು ಎಂಬುದನ್ನು ಮರೆಯಬಾರದು.

ಯಂತ್ರವನ್ನಾದರೂ ಬದಲಿಸಬಹುದು, ದೇಹವನ್ನು ಬದಲಿಸಲಾಗದು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿಂಗಳುಗಟ್ಟಲೆ ದಿನವೂ ಆಟವಾಡಿದ 12 ವರ್ಷದ ಹುಡುಗನೊಬ್ಬನ ತೊಡೆಯ ಚರ್ಮ ಬಲೆಯ ಹಾಗೆ ಕಂದಿದ ಪ್ರಕರಣವನ್ನು 2010ರಲ್ಲಿ ವೈದ್ಯಕೀಯ ನಿಯತಕಾಲಿಕವೊಂದು ಪ್ರಕಟಿಸಿತ್ತು. ವೈದ್ಯರು ‘ಎರಿಥೀಮಾ ಆಬ್ ಇಗ್ನೆ’ ಎಂದು ಕರೆಯುವ ಈ ತೊಂದರೆ ಚರ್ಮ ಸುಡದಷ್ಟು ಕಡಿಮೆ ಕಾವು ಬಹುಕಾಲ ತಾಗುತ್ತಿದ್ದರೆ ಬರುತ್ತದೆ. ಕಾಶ್ಮೀರದಲ್ಲಿ ಕಾಂಗ್ರಿ ಎಂಬ ಕೆಂಡದ ಕುಡಿಕೆಯನ್ನು ಮೈಗೆ ಒತ್ತಿಕೊಂಡು ಕೂರುವವರಲ್ಲಿ ಇದು ಮೊದಲಿನಿಂದಲೂ ಕಂಡುಬಂದಿದೆ. ಗಂಡಸರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಗಂಟೆ ಕುಳಿತರೆ ವೃಷಣಗಳ ಭಾಗದ ಉಷ್ಣಾಂಶ ಎರಡೂವರೆ ಡಿಗ್ರಿಗಿಂತ ಹೆಚ್ಚು ಏರುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿತು. ಆ ಏರಿಕೆಯ ದೊಡ್ಡ ಭಾಗ ಯಂತ್ರ ಜಾರದಂತೆ ತೊಡೆ ಜೋಡಿಸಿ ಕೂರುವ ಭಂಗಿಯಿಂದಲೇ ಬಂದಿತ್ತು; ಎಂದರೆ ತಂಪಾಗಿ ಓಡುವ ದುಬಾರಿ ಲ್ಯಾಪ್‌ಟಾಪ್ ಕೊಂಡ ಮಾತ್ರಕ್ಕೆ ತೊಂದರೆ ತಪ್ಪುವುದಿಲ್ಲ, ಯಂತ್ರ ತೊಡೆಯಿಂದ ಕೆಳಗಿಳಿಯಬೇಕು.

ಕತ್ತು, ಬೆನ್ನು, ಮಣಿಕಟ್ಟಿನ ನೋವಿಗೂ ಬೇರು ಅಲ್ಲಿಯೇ ಇದೆ. ಪರದೆ ಮತ್ತು ಕೀಬೋರ್ಡು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಅನುಕೂಲವಾದ ಎತ್ತರ ಕತ್ತಿಗೆ ಆಗದು, ಕತ್ತಿಗೆ ಅನುಕೂಲವಾದದ್ದು ಕೈಗೆ ಆಗದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪನ್ನು ಸ್ಟ್ಯಾಂಡಿನ ಮೇಲೆ ಎತ್ತರಿಸಿ, ಪ್ರತ್ಯೇಕ ಕೀಬೋರ್ಡು ಮತ್ತು ಮೌಸನ್ನು ಮೊಣಕೈ ಮಟ್ಟದಲ್ಲಿ ಇಟ್ಟುಕೊಂಡರೆ ಕಾವೂ ಇಳಿಯುತ್ತದೆ, ಕತ್ತೂ ನೆಟ್ಟಗಾಗುತ್ತದೆ, ಬಿಸಿ ಕೀಲಿಗಳ ಮೇಲೆ ಬೆರಳಿಡುವ ಕಷ್ಟವೂ ತಪ್ಪುತ್ತದೆ. ತಂತಿಯಿರುವ ಕೀಬೋರ್ಡು, ಮೌಸಿನ ಜೋಡಿ ಎಸ್.ಪಿ. ರಸ್ತೆಯಲ್ಲಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವುದನ್ನೂ ಇಲ್ಲಿ ನೆನಪಿಸುತ್ತೇನೆ.

ಆದರೆ ಇವೆಲ್ಲಕ್ಕೂ ಮೊದಲು ಒಂದು ಮೇಜು ಬೇಕು, ಅದನ್ನು ಇಡಲು ಜಾಗ ಬೇಕು. ಇದನ್ನು ಬಾಡಿಗೆಗಿರುವವರ ಸ್ವಂತ ಹೊಣೆಯೆಂದು ಬಿಟ್ಟುಬಿಡುವುದು ನ್ಯಾಯವಲ್ಲ. 2024ರ ಆಗಸ್ಟ್‌ನಲ್ಲಿ ಅಂದಿನ ಬಿಬಿಎಂಪಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿ, ಸಿ.ಸಿ. ಟಿ.ವಿ. ಕ್ಯಾಮೆರಾ ಅಳವಡಿಸಬೇಕು, ಪ್ರತಿ ನಿವಾಸಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಒದಗಿಸಬೇಕು ಎಂದು ವಿಧಿಸಿತ್ತು. ಅದು ಸರಿಯಾದ ಹೆಜ್ಜೆಯಾಗಿತ್ತು. ಬಿಬಿಎಂಪಿಯ ಜಾಗದಲ್ಲಿ ಈಗ ಬಂದಿರುವ ಐದು ನಗರ ಪಾಲಿಕೆಗಳು ಆ ಪಟ್ಟಿಗೆ ಪ್ರತಿ ಮಂಚಕ್ಕೊಂದು ಗಟ್ಟಿ ಮೇಜು, ಬೆನ್ನಿಗೆ ಆಸರೆಯಿರುವ ಕುರ್ಚಿ, ಮೇಜಿನ ಬಳಿಯೇ ಅರ್ಥಿಂಗ್ ಇರುವ ಪ್ಲಗ್ ಪಾಯಿಂಟು, ಮತ್ತು ಶೀಟಿನ ಕೋಣೆಯಾಗಿದ್ದರೆ ಕೆಳಗೆ ಶಾಖ ತಡೆಯುವ ಒಳಚಾವಣಿ ಇವಿಷ್ಟನ್ನು ಸೇರಿಸಬೇಕೆಂದು ಕೋರುತ್ತೇನೆ. ಕೋಣೆಯಲ್ಲಿ ನಿಜಕ್ಕೂ ಜಾಗವಿಲ್ಲದ ಹಳೆಯ ಕಟ್ಟಡಗಳಲ್ಲಿ ಮಾಲೀಕರು ಊಟದ ಹಾಲನ್ನು ಊಟದ ಹೊತ್ತಿನ ಹೊರತಾಗಿ ಕೆಲಸಕ್ಕೆ ತೆರೆದಿಡಲಿ, ಎಷ್ಟೋ ಪಿ.ಜಿ.ಗಳಲ್ಲಿ ಅಲ್ಲಿ ಮೇಜು, ಕುರ್ಚಿಗಳಿದ್ದರೂ ಮಧ್ಯಾಹ್ನವಿಡೀ ಬೀಗ ಬಿದ್ದಿರುತ್ತದೆ.

ಕಂಪನಿಗಳ ಪಾಲೂ ಇದರಲ್ಲಿದೆ. ಬ್ರಿಟನ್ನಿನಲ್ಲಿ 1992ರ ನಿಯಮಗಳ ಪ್ರಕಾರ, ಪರದೆಯ ಮುಂದೆ ಕೆಲಸ ಮಾಡುವ ನೌಕರರು ಕೂರುವ ವ್ಯವಸ್ಥೆಯನ್ನು ಪರಿಶೀಲಿಸುವುದು ಉದ್ಯೋಗದಾತರ ಕರ್ತವ್ಯ, ಮನೆಯಿಂದ ಕೆಲಸ ಮಾಡುವವರಿಗೂ ಅದು ಅನ್ವಯಿಸುತ್ತದೆ. ವಾರಕ್ಕೆ ಎರಡು–ಮೂರು ದಿನ ಮನೆಯಿಂದಲೇ ಕೆಲಸ ಮಾಡಿಸಿಕೊಳ್ಳುವ ಇಲ್ಲಿನ ಕಂಪನಿಗಳು ಲ್ಯಾಪ್‌ಟಾಪ್ ಕೊಡುವ ದಿನವೇ ಒಂದು ಸ್ಟ್ಯಾಂಡು, ಕೀಬೋರ್ಡು, ಮೌಸನ್ನೂ ಜೊತೆಗೆ ಕೊಡಬಹುದು ಮತ್ತು ವರ್ಷಕ್ಕೊಮ್ಮೆ ಯಂತ್ರವನ್ನು ತರಿಸಿಕೊಂಡು ಧೂಳು ತೆಗೆಸಿ, ಬ್ಯಾಟರಿ ಪರೀಕ್ಷಿಸಿ ಹಿಂದಿರುಗಿಸಬಹುದು. ಯಂತ್ರದ ಬೆಲೆಯ ಮುಂದೆ ಈ ಖರ್ಚು ಬಹಳ ಚಿಕ್ಕದು. ಮುಂದಿನ ಬೇಸಿಗೆಗೆ ಮೊದಲು, ಪಿ.ಜಿ.ಗಳ ಪರವಾನಗಿ ನವೀಕರಣದ ಸಮಯದಲ್ಲೇ, ಪಾಲಿಕೆಗಳ ಆರೋಗ್ಯ ವಿಭಾಗದ ಅಧಿಕಾರಿಗಳು ಈ ಬಗ್ಗೆ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಲ್ಯಾಪ್‌ಟಾಪ್ ದುರಸ್ತಿಗಾರ,
ಎಸ್.ಪಿ. ರಸ್ತೆ, ಬೆಂಗಳೂರು