ಶಾಲೆ ಮುಂದೆ ಓಡುವ ಅದಿರು ಲಾರಿಗಳ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮ್ಮ ಗೇಟಿನ ಮುಂದೆ ಅದಿರು ಲಾರಿಗಳು ಹೋಗುವ ವೇಗದ ಬಗ್ಗೆ ಈ ಪತ್ರ. ಓದಲು ಪುರುಸೊತ್ತಿಲ್ಲದಿದ್ದರೆ ಮಕ್ಕಳ ಕೈಲಿ ಓದಿಸಿಕೊಳ್ಳಿ, ಆದರೆ ಪೂರ್ತಿ ಕೇಳಿ.

ಸಂಡೂರು ತಾಲ್ಲೂಕಿನಲ್ಲಿ ಹೆಡ್‌ಮಾಸ್ಟರ್ ಆದವನಿಗೆ ಈ ಮಾತು ಎತ್ತುವುದು ಸ್ವಲ್ಪ ಇಕ್ಕಟ್ಟು. ಲಾರಿ ಬಗ್ಗೆ ದೂರು ಹೇಳುವವರೂ ನೀವೇ, ಲಾರಿ ಓಡಿಸುವವರೂ ನೀವೇ. ಎಷ್ಟೋ ಮಕ್ಕಳ ಅಪ್ಪ ಡ್ರೈವರ್, ಮಾವ ಕ್ಲೀನರ್, ಕೆಲವರ ಮನೆಯಲ್ಲಿ ಸಾಲ ಮಾಡಿ ತಂದ ಸ್ವಂತ ಟಿಪ್ಪರ್ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಈ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಅನ್ನೋದು ನಿಮಗೆ ಗೊತ್ತು. ಹಾಗಾಗಿ ಲಾರಿಯೇ ಬೇಡ ಅನ್ನುವವನು ನಾನಲ್ಲ.

ಮೊದಲು ಲೆಕ್ಕ. 9ನೇ ತರಗತಿ ವಿಜ್ಞಾನದ ಪಾಠದಲ್ಲಿ ಚಲನೆಯ ಸೂತ್ರಗಳಿವೆ ಅಲ್ವಾ, ಅವನ್ನೇ ಹಿಡಿದು ಮಕ್ಕಳು ಲೋಡ್ ಗಾಡಿ ನಿಲ್ಲಲು ಎಷ್ಟು ಜಾಗ ಬೇಕು ಅಂತ ನೋಡಿದರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ, ಡ್ರೈವರ್ ನೋಡಿ ಕಾಲು ಬ್ರೇಕ್ ಮೇಲೆ ಇಡುವ ಒಂದು ಸೆಕೆಂಡೂ ಸೇರಿ, ಸುಮಾರು 26 ಮೀಟರ್. ನಮ್ಮ ಮೈದಾನದಲ್ಲಿ ಎರಡು ಕಬಡ್ಡಿ ಕೋರ್ಟ್ ಉದ್ದಕ್ಕೆ ಜೋಡಿಸಿದಷ್ಟು. 60ರಲ್ಲಿದ್ದರೆ ನಾಲ್ಕು ಕೋರ್ಟ್. ಇದು ಒಣ ರಸ್ತೆ, ಬ್ರೇಕ್ ಚೆನ್ನಾಗಿರುವ ಗಾಡಿಯ ಲೆಕ್ಕ. ಹತ್ತು ಚಕ್ರದ ಲಾರಿ ಲೋಡ್ ಸೇರಿ ಕಾನೂನು ಪ್ರಕಾರವೇ 28.5 ಟನ್ ತೂಗಬಹುದು, ಅದರ ಮೇಲೆ ಏನೇನು ಹೇರುತ್ತಾರೆ ಅಂತ ನಾನು ನಿಮಗೆ ಹೇಳಬೇಕಿಲ್ಲ. ಇನ್ನು ರಸ್ತೆಗೆ ಚೆಲ್ಲಿದ ಅದಿರಿನ ಪುಡಿ ಮೊದಲ ಮಳೆಗೆ ಕೆಸರಾಗಿ ಜಾರುವಾಗ ಈ ಲೆಕ್ಕವೆಲ್ಲ ತಲೆಕೆಳಗು.

ಎರಡನೆಯದು ನಾನೇ ಕಣ್ಣಾರೆ ನೋಡಿದ್ದು. ಒಬ್ಬ ತಂದೆ ತಮ್ಮ ಲಾರಿಯನ್ನು ಮೈದಾನಕ್ಕೆ ತಂದು ನಿಲ್ಲಿಸಿ, ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿದರು. ಬಂಪರ್‌ಗೆ ಅಂಟಿಕೊಂಡಂತೆ 3ನೇ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದರು. ಗ್ಲಾಸಿನಿಂದ ನೋಡಿದರೆ ಮೈದಾನದ ಬೇವಿನ ಮರ ಕಾಣುತ್ತದೆ, ಮಕ್ಕಳು ಇಲ್ಲವೇ ಇಲ್ಲ. ನಗು ಮಾತ್ರ ಕೇಳುತ್ತಿತ್ತು. ಎಡಗಡೆ ಬಾಗಿಲ ಕೆಳಗೆ ಸೈಕಲ್ ಹಿಡಿದು ನಿಂತ ಹುಡುಗಿಯೂ ಕಾಣಲಿಲ್ಲ. ಲಾರಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗೆ ಬರುತ್ತವೆ, ಸೈಕಲ್ ಸವಾರರು ಸಿಕ್ಕಿಕೊಳ್ಳುವುದು ಅಲ್ಲೇ. ನಿಧಾನ ಇದ್ದರೆ ಕ್ಲೀನರ್ ಕೂಗಿ ಹೇಳುವಷ್ಟಾದರೂ ಸಮಯ ಸಿಗುತ್ತದೆ.

ಈಗ ಅಸಲು ವಿಷಯ. ಯಾವ ಡ್ರೈವರೂ ಸುಮ್ನೆ ಶೋಕಿಗೆ ಅಂತ ಲೋಡ್ ಗಾಡಿ ಜೋರಾಗಿ ಓಡಿಸುವುದಿಲ್ಲ (ಕೆಲವು ಹುಡುಗರನ್ನು ಬಿಟ್ಟರೆ). ಟ್ರಿಪ್ ಲೆಕ್ಕದಲ್ಲಿ ದುಡ್ಡು. ಇವತ್ತು ಒಂದು ಟ್ರಿಪ್ ಜಾಸ್ತಿ ಹೊಡೆದರೆ ಬಾಟಾ (ಕೈಗೆ ಸಿಗುವ ಭತ್ಯೆ) ಜಾಸ್ತಿ, ತಪ್ಪಿದರೆ ಓನರ್ ಫೋನ್. ಆ ಒತ್ತಡ ನನಗೂ ಅರ್ಥವಾಗುತ್ತದೆ. ಆದರೆ ನಮ್ಮೂರೊಳಗಿನ ರಸ್ತೆ ಹೆಚ್ಚೆಂದರೆ 2 ಕಿಲೋಮೀಟರ್. 60ರಲ್ಲಿ ಹೋದರೆ ಎರಡು ನಿಮಿಷ, 40ರಲ್ಲಿ ಹೋದರೆ ಮೂರು. ಉಳಿಯುವುದು ಒಂದೇ ನಿಮಿಷ! ಆಮೇಲೆ ಲಾರಿ ತೂಕ ಮಾಡುವ ವೇ ಬ್ರಿಡ್ಜ್ ಮುಂದೆ ಕ್ಯೂನಲ್ಲಿ ನಿಂತು ಬೀಡಿ ಸೇದುವುದು ಎಷ್ಟು ಹೊತ್ತು ಅಂತ ನೀವೇ ಹೇಳಿ.

ಓನರ್ ಆಗಿರುವ ಪೋಷಕರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಡ್ರೈವರ್‌ಗೆ ಮಾತ್ರ ಅಲ್ಲ, ಮಿತಿ ಮೀರಿ ಓಡಿಸುವಂತೆ ಮಾಡುವ ಮಾಲೀಕನಿಗೂ ಅನ್ವಯಿಸುತ್ತದೆ. ಮಿತಿ ಮೀರದೆ ಮುಟ್ಟಲು ಆಗದ ಸಮಯ ಕೊಟ್ಟು 'ಇಷ್ಟೊತ್ತಿಗೆ ಬಂದುಬಿಡು' ಅಂದರೆ, ಆ ಮಾತೇ ಸಾಕ್ಷಿಯಾಗಬಹುದು. ಟಿಪ್ಪರ್‌ಗೆ ವೇಗ 60 ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇರಬೇಕು. ಅದರ ಸೀಲ್ ಕಿತ್ತಿಸಿದವರು ಯಾರು ಅಂತ ಕೇಳಲು ಹೋಗುವುದಿಲ್ಲ, ಮತ್ತೆ ಹಾಕಿಸಿಬಿಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಡ್ರೈವರ್‌ಗೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು. ಎಷ್ಟು ಜನಕ್ಕೆ ಸಿಗುತ್ತಿದೆ? ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ನಮ್ಮ ಗೇಟ್ ದಾಟುವವನ ಕಣ್ಣು ತೆರೆದಿದ್ದರೂ ಅರ್ಧ ನಿದ್ದೆಯಲ್ಲೇ ಇರುತ್ತದೆ.

ಇನ್ನೊಂದು. ಡೀಸೆಲ್ ಉಳಿಸಲು ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಆಗ ಗೇರ್ ಹಿಡಿತ ಇರುವುದಿಲ್ಲ, ಎಲ್ಲ ಭಾರ ಬ್ರೇಕ್ ಮೇಲೆ. ಬ್ರೇಕ್ ಡ್ರಮ್ ಕಾದು ಕಾದು ಕೊನೆಗೆ ತುಳಿದರೂ ಹಿಡಿಯುವುದಿಲ್ಲ. ಎಂಜಿನ್ ಆಫ್ ಮಾಡಿದರಂತೂ ಬ್ರೇಕ್‌ಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಂತುಹೋಗುತ್ತದೆ.

ಲಾರಿ ಸಂಬಂಧ ಇಲ್ಲದ ಮನೆಯವರು 'ನಮಗೇನು' ಅನ್ನಬೇಡಿ. ನಿಂತ ಲಾರಿಯ ಮುಂದಿನಿಂದ ರಸ್ತೆ ದಾಟಬಾರದು, ಲಾರಿಯ ಎಡಗಡೆ ಸೈಕಲ್ ನುಗ್ಗಿಸಬಾರದು ಅಂತ ಮಕ್ಕಳಿಗೆ ಹೇಳಿ, ಹೇಳಿದ್ದನ್ನು ನೀವೂ ಪಾಲಿಸಿ. 10ನೇ ತರಗತಿಯ ಕೆಲವರು ಬೈಕ್‌ನಲ್ಲಿ ಬರುತ್ತಿದ್ದಾರೆ. ಅವರು ಗಾಡಿ ಎಲ್ಲಿ ಬಚ್ಚಿಡುತ್ತಾರೆ ಅನ್ನೋದೂ ನನಗೆ ಗೊತ್ತು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧ ಆದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಈ ಶನಿವಾರ ತರಗತಿ ಮುಗಿದ ಕೂಡಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇದೆ. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಅರ್ಧರ್ಧ ಗಂಟೆ ಊರೊಳಗೆ ಲೋಡ್ ಗಾಡಿ ಬಿಡದಂತೆ ಓನರ್‌ಗಳು ಒಪ್ಪಬಹುದೇ, ಹಂಪ್ ಮತ್ತು ಬೋರ್ಡ್‌ಗೆ ಅರ್ಜಿ ಯಾರು ಬರೆಯಬೇಕು, ಇವೆರಡೇ ವಿಷಯ. ರಾತ್ರಿ ಪಾಳಿ ಮುಗಿಸಿದವರು ಹತ್ತು ನಿಮಿಷ ಕೂತು ಹೋದರೂ ಸಾಕು. ಲಾರಿಯಲ್ಲೇ ಬರುವವರು ಗೇಟಿನ ಮುಂದೆ ನಿಲ್ಲಿಸಬೇಡಿ, ಮೈದಾನದ ಹಿಂದಿನ ಬಾಗಿಲು ತೆಗೆದಿಟ್ಟಿರುತ್ತೇವೆ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕ